ಹೊಂಡ ಅಳೆದವನು ಅವಳನ್ನು ಮಾತನಾಡಿಸಲಿಲ್ಲ: ವರ್ಡ್ಸ್‌ವರ್ತ್‌ನ ‘ದಿ ಥಾರ್ನ್’ ಓದುವ ಬಗೆ

ವರ್ಡ್ಸ್‌ವರ್ತ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪಠ್ಯಪುಸ್ತಕದ ಡ್ಯಾಫೊಡಿಲ್ ಹೂಗಳು, ಹೊಲದಲ್ಲಿ ಒಬ್ಬಳೇ ಹಾಡುತ್ತ ಪೈರು ಕೊಯ್ಯುವ ಹುಡುಗಿ. ಅದೇ ಕವಿ 1798ರಲ್ಲಿ ‘ದಿ ಥಾರ್ನ್’ (ಮುಳ್ಳುಮರ) ಎಂಬ ಕಥನಕವನ ಬರೆದ. ಮೊದಲ ಸಲ ಓದಿದವರಿಗೆ ಇದು ಸಿಟ್ಟು ಬರಿಸುತ್ತದೆ. ಒಬ್ಬ ಬಾಯಾಳಿ ಮನುಷ್ಯ ಒಂದು ಗಿಡ, ಒಂದು ಹೊಂಡ, ಒಂದು ಮಣ್ಣಿನ ದಿಬ್ಬದ ಸುತ್ತ ಗಾಣದೆತ್ತಿನಂತೆ ಸುತ್ತುತ್ತಾನೆ. ಹೇಳಿದ್ದನ್ನೇ ಹೇಳುತ್ತಾನೆ, ನಡುನಡುವೆ ‘ನನಗೇನೂ ಗೊತ್ತಿಲ್ಲ’ ಎನ್ನುತ್ತಾನೆ, ಮತ್ತೆ ಮುಂದುವರಿಸುತ್ತಾನೆ. ಹನ್ನೊಂದು ಸಾಲಿನ 23 ಪದ್ಯಗಳು ಮುಗಿದರೂ ಏನು ನಡೆಯಿತೆಂಬುದು ಇತ್ಯರ್ಥವಾಗುವುದಿಲ್ಲ. ಕವಿತೆಯನ್ನು ಬಿಡಿಸಿಕೊಳ್ಳುವ ದಾರಿ ಈ ಸಿಟ್ಟಿನಿಂದಲೇ ಶುರುವಾಗುತ್ತದೆ ಎಂದು ನನ್ನ ಅನಿಸಿಕೆ.

ಕಥೆ ಎನ್ನಬಹುದಾದದ್ದು ಇಷ್ಟೇ. ಮಾರ್ಥಾ ರೇ ಎಂಬ ಹುಡುಗಿಗೂ ಸ್ಟೀಫನ್ ಹಿಲ್ ಎಂಬವನಿಗೂ ಮದುವೆ ಗೊತ್ತಾಗಿತ್ತು, ದಿನವೂ ನಿಶ್ಚಯವಾಗಿತ್ತು. ಸ್ಟೀಫನ್ ಬೇರೊಬ್ಬಳಿಗೂ ಮಾತು ಕೊಟ್ಟಿದ್ದ. ಅವಳ ಜೊತೆ ಚರ್ಚಿಗೆ ಹೋದ. ಆರು ತಿಂಗಳ ನಂತರ ಮಾರ್ಥಾ ಬೆಟ್ಟದ ತುದಿಗೆ ಹೋಗಿ ಕೂರಲು ಶುರು ಮಾಡಿದಳು. ಬಸುರಿಯೆಂಬುದು ನೋಡಿದವರಿಗೆಲ್ಲ ತಿಳಿಯುವಂತಿತ್ತು, ಬುದ್ಧಿಯೂ ಕದಡಿತ್ತು. ದಿನ ತುಂಬುವ ಹೊತ್ತಿಗೆ ಬುದ್ಧಿ ತಿಳಿಯಾಯಿತಂತೆ. ಹೊಟ್ಟೆಯ ಕೂಸೇ ತಾಯಿಯ ಮನಸ್ಸನ್ನು ಸರಿಪಡಿಸಿತೆಂದು ಸಿಂಪ್ಸನ್ ಎಂಬ ಮುದುಕ ರೈತ ಹೋದ ಕ್ರಿಸ್‌ಮಸ್ಸಿನಲ್ಲಿ ವಾದಿಸಿದನಂತೆ. ಮಗು ಹುಟ್ಟಿತೋ ಇಲ್ಲವೋ, ಬದುಕಿತ್ತೋ ಸತ್ತಿತ್ತೋ ಯಾರಿಗೂ ತಿಳಿಯದು. ಇದೆಲ್ಲ ಕಳೆದು 22 ವರ್ಷ. ಇವತ್ತಿಗೂ ಅವಳು ಕೆಂಪು ಮೇಲಂಗಿ ಹೊದ್ದು, ಹಗಲೆನ್ನದೆ ಇರುಳೆನ್ನದೆ ಆ ಗಿಡದ ಬಳಿ ಕೂತು ‘ಅಯ್ಯೋ ಸಂಕಟವೇ’ ಎಂದು ಗೋಳಿಡುತ್ತಾಳೆ.

ಕವಿತೆ ಹುಟ್ಟಿದ ಜಾಗ ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದ ಕ್ವಾಂಟಾಕ್ ಬೆಟ್ಟಸಾಲು. ಅಲ್ಲಿನ ಆಲ್‌ಫಾಕ್ಸ್‌ಡನ್ ಎಂಬ ಮನೆಯಲ್ಲಿ ವರ್ಡ್ಸ್‌ವರ್ತ್ ತಂಗಿ ಡೊರೊಥಿಯೊಡನೆ ಬಾಡಿಗೆಗಿದ್ದ. ಗೆಳೆಯ ಕೋಲರಿಜ್ ಹತ್ತಿರದ ನೆದರ್ ಸ್ಟೋವಿಯಲ್ಲಿದ್ದ. 1798ರ ಮಾರ್ಚ್ 19ರಂದು ಡೊರೊಥಿಯ ದಿನಚರಿಯಲ್ಲಿ, ಕುಬ್ಜವಾದ ಒಂದು ಮುಳ್ಳುಮರವನ್ನು ಬಣ್ಣಿಸುವ ಕೆಲವು ಸಾಲುಗಳನ್ನು ಅಣ್ಣ ಬರೆದನೆಂಬ ಟಿಪ್ಪಣಿಯಿದೆ. ಎಷ್ಟೋ ವರ್ಷಗಳ ನಂತರ ಕವಿಯೇ ವಿವರಿಸಿದ: ತಿಳಿಬಿಸಿಲಿನಲ್ಲಿ ಆ ಮರದ ಪಕ್ಕದಲ್ಲೇ ಎಷ್ಟೋ ಸಲ ಹಾದುಹೋಗಿದ್ದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ, ಬಿರುಗಾಳಿಯ ಒಂದು ದಿನ ಅದು ಎದ್ದು ಕಂಡಿತು, ಆ ಗಳಿಗೆಯಲ್ಲಿ ಗಾಳಿಮಳೆ ತನ್ನ ಕಣ್ಣಿಗೆ ಮಾಡಿದ ಕೆಲಸವನ್ನು ಯಾವುದಾದರೂ ಕಲ್ಪನೆಯಿಂದ ಶಾಶ್ವತವಾಗಿ ಮಾಡಲಾದೀತೇ ಎಂದುಕೊಂಡು ಬರೆಯತೊಡಗಿದ. ಅಂದರೆ ಮೊದಲು ಬಂದದ್ದು ಮರ. ಹೆಂಗಸು, ಮಗು, ಮೋಸ ಎಲ್ಲವೂ ಆ ಮರಕ್ಕೆ ಕಟ್ಟಿದ ಕಥೆ. ಕವಿ ಮರಕ್ಕೆ ಕಥೆ ಕಟ್ಟಿದ, ಕವಿತೆಯೊಳಗೆ ಊರಿನವರೂ ಅದನ್ನೇ ಮಾಡುತ್ತಾರೆ.

ಗಾಳಿಮಾತಿನ ರುಚಿ ಕವಿಗೆ ಪುಸ್ತಕದಿಂದ ತಿಳಿದದ್ದಲ್ಲ. 1797ರ ಆಗಸ್ಟಿನಲ್ಲಿ, ಅಂದರೆ ಈ ಕವಿತೆಗೆ ಏಳೆಂಟು ತಿಂಗಳು ಮೊದಲು, ಅದೇ ಬೆಟ್ಟಗಳಲ್ಲಿ ಅವನ ಬಗ್ಗೆಯೇ ಪುಕಾರು ಹಬ್ಬಿತ್ತು. ಆಗ ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿತ್ತು. ಮನೆಯ ಯಜಮಾನನಿಗೆ ಹೆಂಡತಿಯಿಲ್ಲ, ತಂಗಿ ಎಂದು ಹೇಳಿಕೊಳ್ಳುವ ಒಬ್ಬ ಹೆಂಗಸಿದ್ದಾಳೆ. ರಾತ್ರಿ ಹೊತ್ತು ಮಡಚುವ ಕುರ್ಚಿ ಹಿಡಿದು ತಿರುಗುತ್ತಾರೆ. ನೋಡಿದ್ದನ್ನೆಲ್ಲ ಬರೆದುಕೊಳ್ಳುತ್ತಾರೆ ಎಂಬ ದೂರು ಬಾತ್ ನಗರದ ಒಬ್ಬ ವೈದ್ಯನ ಮೂಲಕ ಗೃಹಖಾತೆಯ ಮಂತ್ರಿಗೆ ಮುಟ್ಟಿತು. ಜೇಮ್ಸ್ ವಾಲ್ಷ್ ಎಂಬ ಗೂಢಚಾರ ಬಂದು ಹೋಟೆಲಿನಲ್ಲಿ ಉಳಿದುಕೊಂಡು ವಿಚಾರಿಸಿದ. ಇವರು ಫ್ರೆಂಚರಲ್ಲ, ಅತೃಪ್ತ ಇಂಗ್ಲಿಷರ ಕಿಡಿಗೇಡಿ ಗುಂಪು ಎಂದು ವರದಿ ಕಳಿಸಿದ. ‘ತಂಗಿ ಎಂದು ಹೇಳಿಕೊಳ್ಳುವ’ ಎಂಬ ಆ ಮಾತಿನ ಹದ ನೋಡಿ. ಸುಳ್ಳು ಹೇಳದೆಯೇ ಸುಳ್ಳನ್ನು ಕೇಳುವವರ ತಲೆಗೆ ಹಾಕುವ ಕಲೆ ಅದು. ‘ದಿ ಥಾರ್ನ್’ ಕವಿತೆಯ ನಿರೂಪಕ ಮಾತನಾಡುವುದು ಇದೇ ಹದದಲ್ಲಿ.

ಆ ನಿರೂಪಕ ಕವಿಯಲ್ಲ. ಓದುವಾಗ ಮೊದಲು ಹಿಡಿಯಬೇಕಾದ ಎಳೆ ಇದು. ಕವಿಯ ಹೆಸರಿಲ್ಲದೆ ಬಂದ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನದ ಮುನ್ನುಡಿಯಲ್ಲೇ ಇದು ಲೇಖಕನ ಮಾತಲ್ಲ, ಒಬ್ಬ ಮಾತಿನಮಲ್ಲನದು ಎಂಬ ಎಚ್ಚರಿಕೆಯಿತ್ತು. ಯಾರೂ ಗಮನಿಸಲಿಲ್ಲವೆಂದೋ ಏನೋ, 1800ರ ಎರಡನೆಯ ಆವೃತ್ತಿಗೆ ಉದ್ದನೆಯ ಟಿಪ್ಪಣಿ ಸೇರಿತು: ಈ ಮಾತಾಡುವವನು ಸಣ್ಣ ಸರಕು ಹಡಗಿನ ಒಬ್ಬ ಕಪ್ತಾನ ಎಂದುಕೊಳ್ಳಿ, ನಡುವಯಸ್ಸು ದಾಟಿದೆ, ಸಣ್ಣ ವರಮಾನ ಇಟ್ಟುಕೊಂಡು ತನ್ನದಲ್ಲದ ಊರಿಗೆ ಬಂದು ನೆಲೆಸಿದ್ದಾನೆ, ಮಾಡಲು ಕೆಲಸವಿಲ್ಲದ ಇಂಥವರು ಬೇಗ ನಂಬುತ್ತಾರೆ, ತುಂಬ ಮಾತಾಡುತ್ತಾರೆ. ಕವಿತೆಯೊಳಗೆ ಕಪ್ತಾನನ ಸುದ್ದಿಯೇ ಇಲ್ಲ. ಅವನ ಕೈಯಲ್ಲೊಂದು ದುರ್ಬೀನು ಇದೆ, ಅಷ್ಟೇ. ಟಿಪ್ಪಣಿ ಓದದವನಿಗೆ ಇದು ಹೇಗೆ ತಿಳಿಯಬೇಕೋ! ಕವಿತೆಯ ದೋಷವೆಂದರೆ ಅದೇ ಎನ್ನುವವರ ವಾದದಲ್ಲಿ ಹುರುಳಿದೆ.

ನಮ್ಮ ಜನಪದ ಕಥನಗೀತೆಗಳಲ್ಲಿರುವಂತೆ ಇಂಗ್ಲೆಂಡ್, ಸ್ಕಾಟ್ಲೆಂಡಿನ ಹಳೆಯ ಬ್ಯಾಲಡ್‌ಗಳಲ್ಲೂ ಕಥೆ ಹೇಳುವವನಿಗೆ ಮುಖವಿಲ್ಲ. ಕಥೆ ತಾನಾಗಿ ನಡೆಯುತ್ತದೆ. ‘ನಿನಗಿದು ಹೇಗೆ ಗೊತ್ತು?’ ಎಂದು ಯಾರೂ ಕೇಳುವುದಿಲ್ಲ. ಮದುವೆಯಾಗದೆ ಹೆತ್ತು ಮಗುವನ್ನು ಕೊಂದ ತಾಯಿಯ ಕಥೆ ಈ ಬಗೆಯ ಹಾಡುಗಳಲ್ಲಿ ಆಗಲೇ ಹಳತಾಗಿತ್ತು. ಜರ್ಮನ್ ಕವಿ ಬ್ಯುರ್ಗರ್ ಇದೇ ವಸ್ತುವಿನ ಮೇಲೆ ಬರೆದ ಒಂದು ಬ್ಯಾಲಡ್ 1796ರಲ್ಲಿ ಇಂಗ್ಲಿಷಿಗೂ ಬಂದಿತ್ತು. ಅದರಲ್ಲಿ ಕೊಲೆ ನಡೆಯುತ್ತದೆ, ಶಿಕ್ಷೆಯೂ ಆಗುತ್ತದೆ. ವರ್ಡ್ಸ್‌ವರ್ತ್ ಅದೇ ಸಾಮಗ್ರಿ ಹಿಡಿದು, ಹೇಳುವವನಿಗೆ ಒಂದು ಮುಖ ಕೊಟ್ಟ. ಕೊಟ್ಟ ಕೂಡಲೇ ಆ ಕೇಳದ ಪ್ರಶ್ನೆ ಎದ್ದು ನಿಂತಿತು.

ಹಾಗಾಗಿ ಈ ಕವಿತೆಯನ್ನು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸುತ್ತ ಓದಬೇಕು. ಕಂಡದ್ದರ ಪಟ್ಟಿ ಚಿಕ್ಕದು. ಒಂದು ಮರವಿದೆ, ಎಲೆಯಿಲ್ಲ, ಮುಳ್ಳುಮರವೆಂಬ ಹೆಸರಿದ್ದರೂ ಮುಳ್ಳೂ ಇಲ್ಲ, ಎರಡು ವರ್ಷದ ಮಗುವಿನಷ್ಟು ಎತ್ತರ, ಮೈತುಂಬ ಕಲ್ಲುಹೂವು ಮತ್ತು ಪಾಚಿ. ಬೆಟ್ಟದ ದಾರಿಯಿಂದ ಐದು ಗಜದೊಳಗೆ, ಎಡಕ್ಕೆ. ಅಲ್ಲಿಂದ ಮೂರು ಗಜ ಆಚೆ ಎಂದೂ ಬತ್ತದ ಕೆಸರಿನ ಹೊಂಡ. ಮರದ ಪಕ್ಕದಲ್ಲೇ ಅರ್ಧ ಅಡಿ ಎತ್ತರದ ಪಾಚಿಯ ದಿಬ್ಬ. ಆಮೇಲೆ ಒಂದು ಮುಖ, ಒಂದು ಕೂಗು. ಮಿಕ್ಕದ್ದೆಲ್ಲ ಕೇಳಿದ್ದು: ಮಗುವನ್ನು ಮರಕ್ಕೆ ನೇತುಹಾಕಿದಳಂತೆ; ಅಲ್ಲ, ಹೊಂಡದಲ್ಲಿ ಮುಳುಗಿಸಿದಳಂತೆ; ದಿಬ್ಬದ ಕೆಂಪು ಪಾಚಿ ಆ ಕೂಸಿನ ರಕ್ತವಂತೆ; ಬೆಟ್ಟದ ತಲೆಯಿಂದ ಸತ್ತವರ ದನಿ ಕೇಳಿದವರಿದ್ದಾರಂತೆ. ಕೊಂದ ಬಗೆಯ ಬಗ್ಗೆ ಒಮ್ಮತವಿಲ್ಲ, ಹೂತದ್ದು ಮಾತ್ರ ಅಲ್ಲೇ ಎಂಬುದರಲ್ಲಿ ಎಲ್ಲರಿಗೂ ಒಮ್ಮತ. ಮಗು ಹುಟ್ಟಿತೆಂಬುದಕ್ಕೇ ಸಾಕ್ಷಿಯಿಲ್ಲ ಎಂದು ಇದೇ ಮನುಷ್ಯ ಕೆಲವೇ ಪದ್ಯಗಳ ಹಿಂದೆ ಹೇಳಿದ್ದ!

ದಿಬ್ಬದ ಕಥೆ ಬೆಳೆಯುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ಅದು ಬರೀ ಚೆಲುವು. ಹಸಿರು, ಕಡುಗೆಂಪು, ಮುತ್ತಿನ ಬಿಳುಪು ಬಣ್ಣಗಳು, ಯಾರೋ ಹೆಣ್ಣುಮಗಳು ಕೈಯಾರೆ ನೇಯ್ದಂಥ ಕಸೂತಿ. ಆಮೇಲೆ ನಿರೂಪಕ ಬಹಳ ಸಹಜವೆಂಬಂತೆ ಸೇರಿಸುತ್ತಾನೆ: ಅಳತೆಯಲ್ಲಿ ಅದು ಹಸುಗೂಸಿನ ಗೋರಿಯಷ್ಟಿದೆ. ಮಾರ್ಥಾಳ ಹೆಸರು ಇನ್ನೂ ಬಂದಿಲ್ಲ, ಮಗುವಿನ ಸುದ್ದಿಯೇ ಇಲ್ಲ. ಸ್ವಲ್ಪ ಮುಂದೆ ‘ಗೋರಿಯಂಥ ಆ ದಿಬ್ಬ’ ಎನ್ನುತ್ತಾನೆ. ಕೊನೆಗೆ ಬರುವುದು ‘ಕೂಸನ್ನು ಹೂತದ್ದು ಅಲ್ಲೇ ಎಂದು ಎಲ್ಲರೂ ಹೇಳುತ್ತಾರೆ’ ಎಂಬ ಮಾತು. ಅಳತೆಗೆ ಕೊಟ್ಟ ಹೋಲಿಕೆ ಊರಿನ ಸತ್ಯವಾಗುವುದಕ್ಕೆ ಹದಿನೈದು ಪದ್ಯ ಸಾಕಾಯಿತು. ಓದುಗರೂ ಈ ಪಾಪದಲ್ಲಿ ಪಾಲುದಾರರು: ಮೊದಲ ಸಲ ‘ಗೋರಿ’ ಎಂದಾಗಲೇ ನಮ್ಮ ತಲೆಯಲ್ಲಿ ಒಂದು ಹೆಣ ಬಿದ್ದಿರುತ್ತದೆ.

ಕಣ್ಣಾರೆ ಕಂಡದ್ದನ್ನಾದರೂ ನಂಬಬಹುದೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಆ ಮಾತು ಇಲ್ಲಿ ಬೇಕಾಗುತ್ತದೆ. ನಿರೂಪಕ ಊರಿಗೆ ಹೊಸಬನಾಗಿದ್ದಾಗ, ಮಾರ್ಥಾಳ ಹೆಸರೂ ಕೇಳಿರದಿದ್ದಾಗ, ಸಮುದ್ರ ನೋಡಲು ದುರ್ಬೀನು ಹಿಡಿದು ಬೆಟ್ಟ ಹತ್ತಿದ. ಬಿರುಗಾಳಿ ಬಂತು, ಮಂಜು ಕವಿಯಿತು, ಮೊಣಕಾಲೆತ್ತರದ ವಸ್ತುವೂ ಕಾಣದಾಯಿತು. ಮುಂದೆ ಬಂಡೆಯೊಂದು ಚಾಚಿಕೊಂಡಂತೆ ಕಂಡು, ಅದರ ಮರೆಗೆ ಓಡಿದ. ಬಂಡೆಯಿರಲಿಲ್ಲ; ನೆಲದ ಮೇಲೆ ಹೆಂಗಸೊಬ್ಬಳು ಕೂತಿದ್ದಳು. ಮಾತಾಡಲಿಲ್ಲ, ಮುಖ ನೋಡಿದೆ, ಅಷ್ಟೇ ಸಾಕಾಯಿತು, ತಿರುಗಿಬಿಟ್ಟೆ ಎನ್ನುತ್ತಾನೆ. ಇದನ್ನು ಹಿಡಿದುಕೊಂಡು ಸ್ಟೀಫನ್ ಪ್ಯಾರಿಶ್ ಎಂಬ ವಿಮರ್ಶಕ 1957ರಲ್ಲಿ ಒಂದು ದಿಟ್ಟ ವಾದ ಹೂಡಿದ: ಕವಿತೆಯ ವಸ್ತು ಮಾರ್ಥಾ ಅಲ್ಲ, ನಿರೂಪಕನ ಮನಸ್ಸು, ಮಂಜಿನಲ್ಲಿ ಅವನು ಕಂಡದ್ದು ಪಾಚಿ ಹೊದ್ದ ಮರವನ್ನೇ ಇರಬಹುದು, ಊರವರ ಮಾತು ಕೇಳಿದ ಮೇಲೆ ಮರ ಹೆಂಗಸಾಗಿರಬಹುದು. ಇದೊಂದು ನಾಟಕೀಯ ಸ್ವಗತ, ಮೂಢನಂಬಿಕೆಯ ತಲೆಯೊಂದು ಕೆಲಸ ಮಾಡುವ ಬಗೆಯ ಚಿತ್ರ.

ಈ ಓದು ಬಂದ ಮೇಲೆ ಕವಿತೆಗೆ ಮರ್ಯಾದೆ ಹೆಚ್ಚಿದ್ದು ನಿಜ. ಆದರೂ ಅದನ್ನು ಕೊನೆಯವರೆಗೆ ಎಳೆಯಲು ನನಗೆ ಮನಸ್ಸಿಲ್ಲ. ಹೆಂಗಸು ಬರೀ ಮರವಾದರೆ ಅವಳ ಗೋಳೂ ಗಾಳಿಯ ಸದ್ದಾಗಿಬಿಡುತ್ತದೆ. ನಾವೂ ಆ ಊರಿನವರಂತೆ ಅವಳನ್ನು ಪಕ್ಕಕ್ಕೆ ಸರಿಸಿ ನಮ್ಮ ಜಾಣತನದ ಮಾತಿಗೆ ಹೊರಟಂತಾಗುತ್ತದೆ. ಕವಿತೆಯಲ್ಲಿ ಅವಳಿಗೆ ಬೆಟ್ಟದ ಕೆಳಗೆ ಒಂದು ಗುಡಿಸಲಿದೆ. ಬೆಟ್ಟ ಹತ್ತಲು ಬಯಸುವ ಕೇಳುಗನಿಗೆ ನಿರೂಪಕ ಕೊಡುವ ಸಲಹೆ ಓದಿ: ಅವಳ ಬಾಗಿಲ ಮುಂದೆ ಹಾದು ಹೋಗು, ಆ ಬಾಗಿಲು ಮುಚ್ಚಿರುವುದು ಅಪರೂಪ, ಅವಳು ಒಳಗಿರುವುದು ಕಂಡರೆ ಕೂಡಲೇ ಮೇಲಕ್ಕೆ ಓಡು, ಅವಳಿರುವಾಗ ಆ ಜಾಗಕ್ಕೆ ಹೋಗುವ ಎದೆಗಾರಿಕೆ ಇರುವವರನ್ನು ನಾನು ಕೇಳಿಲ್ಲ. ನನ್ನ ಮಟ್ಟಿಗೆ ಇಡೀ ಕವಿತೆಯಲ್ಲಿ ಇದಕ್ಕಿಂತ ನಿಷ್ಠುರವಾದ ಸಾಲುಗಳಿಲ್ಲ. ಬಾಗಿಲು ತೆರೆದಿದೆ, ಒಳಗೆ ಮನುಷ್ಯಳಿದ್ದಾಳೆ, ಕೇಳಿದ್ದರೆ ಏನಾದರೂ ಹೇಳುತ್ತಿದ್ದಳೋ ಏನೋ. ಊರು ಮಾತ್ರ ಅವಳು ಒಳಗಿದ್ದಾಳೆಂದು ಖಚಿತಪಡಿಸಿಕೊಂಡು ಮರದ ಬಳಿ ಸಾಕ್ಷಿ ಹುಡುಕಲು ಹೋಗುತ್ತದೆ.

ಆ ಕಾಲದ ಕಾನೂನೂ ಬೇರೆ ರೀತಿಯಲ್ಲಿ ವಿಚಾರಿಸುತ್ತಿರಲಿಲ್ಲ. 1624ರ ಒಂದು ಶಾಸನದ ಪ್ರಕಾರ ಮದುವೆಯಾಗದ ಹೆಂಗಸು ತನ್ನ ಮಗುವಿನ ಸಾವನ್ನು ಮುಚ್ಚಿಟ್ಟರೆ ಅದು ಕೊಲೆಯೆಂದೇ ಲೆಕ್ಕ. ಮಗು ಹುಟ್ಟುವಾಗಲೇ ಸತ್ತಿತ್ತೆಂದು ಕನಿಷ್ಠ ಒಬ್ಬ ಸಾಕ್ಷಿಯಿಂದ ಸಿದ್ಧಪಡಿಸುವ ಹೊಣೆ ಅವಳದೇ. ಗುಟ್ಟಾಗಿ, ಒಂಟಿಯಾಗಿ ಹೆತ್ತವಳು ಸಾಕ್ಷಿಯನ್ನು ಎಲ್ಲಿಂದ ತಂದಾಳು? ಹದಿನೆಂಟನೆಯ ಶತಮಾನದಲ್ಲಿ ಜ್ಯೂರಿಗಳು ಈ ಕಾನೂನಿನಡಿ ಶಿಕ್ಷೆ ಕೊಡಲು ಹಿಂಜರಿಯುತ್ತಿದ್ದವಾದರೂ ಅದು ರದ್ದಾದದ್ದು 1803ರಲ್ಲಿ, ಈ ಕವಿತೆ ಬಂದು ಐದು ವರ್ಷಗಳ ನಂತರ. ಕವಿತೆಯಲ್ಲೂ ಕೆಲವರು ಅವಳನ್ನು ನ್ಯಾಯಾಲಯಕ್ಕೆ ಎಳೆಯುವುದಾಗಿ ಆಣೆ ಮಾಡಿ, ಗುದ್ದಲಿ ಹಿಡಿದು ಎಲುಬು ಅಗೆಯಲು ಹೋಗುತ್ತಾರೆ. ಆ ಗುದ್ದಲಿಗಳ ಹಿಂದೆ ಇರುವ ಕಾನೂನು ಇದು. ಸುಮ್ಮನೆ ಹರಟೆ ಎಂದುಕೊಂಡ ಮಾತು ನೇಣುಗಂಬದವರೆಗೆ ಹೋಗಬಲ್ಲದಾಗಿತ್ತು.

ಅಗೆಯುವ ಗಳಿಗೆಯಲ್ಲಿ ದಿಬ್ಬ ಅಲುಗಾಡುತ್ತದೆ. ಸುತ್ತ ಐವತ್ತು ಗಜದವರೆಗೂ ಹುಲ್ಲು ನಡುಗುತ್ತದೆ. ಊರವರು ಕೈಬಿಡುತ್ತಾರೆ, ಆದರೂ ಕೂಸು ಅಲ್ಲೇ ಇದೆಯೆನ್ನುವುದನ್ನು ಬಿಡುವುದಿಲ್ಲ. ಇದನ್ನು ನಿಸರ್ಗ ಮಾರ್ಥಾಳ ಕಡೆ ನಿಂತ ಪವಾಡವೆಂದು ಓದುವವರಿದ್ದಾರೆ, ತಪ್ಪೇನಿಲ್ಲ. ಆದರೆ ಆ ಶಿಖರದಲ್ಲಿ ಚಳಿಗಾಲದ ಗಾಳಿ ಕುಡುಗೋಲಿನಂತೆ ಕೊಯ್ಯುತ್ತದೆಂದು ಮೂರನೆಯ ಪದ್ಯದಲ್ಲೇ ಹೇಳಿಯಾಗಿತ್ತು. ಗಾಳಿ ಬೀಸಿದರೆ ಹುಲ್ಲು ಅಲುಗುತ್ತದೆ. ಹೊಂಡದ್ದೂ ಇದೇ ಕಥೆ: ಅದನ್ನು ನಿಟ್ಟಿಸಿ ನೋಡಿದರೆ ಮಗುವಿನ ಮುಖ ಕಾಣುತ್ತದಂತೆ, ಅದು ನೋಡಿದವರನ್ನೇ ತಿರುಗಿ ನೋಡುತ್ತದಂತೆ. ಇಷ್ಟಗಲದ ನೀರಿಗೆ ಬಗ್ಗಿದವನನ್ನು ತಿರುಗಿ ನೋಡುವ ಮುಖ ಯಾರದಿರಬೇಕು? ಈ ಕವಿತೆಯಲ್ಲಿ ನಿಸರ್ಗ ತನ್ನ ಕೆಲಸವನ್ನಷ್ಟೇ ಮಾಡುತ್ತದೆ. ಪಾಚಿ ಕೆಂಪಾಗಿದೆ, ಹುಲ್ಲು ಅಲುಗುತ್ತದೆ, ನೀರು ಪ್ರತಿಬಿಂಬ ತೋರಿಸುತ್ತದೆ. ಅದನ್ನೆಲ್ಲ ಸಾಕ್ಷಿಕಟ್ಟೆಗೆ ಎಳೆಯುವವರು ಮನುಷ್ಯರು. ಪಾಚಿಯೆಲ್ಲ ಒಗ್ಗಟ್ಟಾಗಿ ಆ ಬಡಪಾಯಿ ಮರವನ್ನು ನೆಲಕ್ಕೆಳೆದು ಹೂಳಲು ಹೊಂಚು ಹಾಕಿದೆ ಎಂದು ನಿರೂಪಕ ಎರಡೆರಡು ಸಲ ಹೇಳುತ್ತಾನೆ. ಆ ಮಾತು ಪಾಚಿಗಿಂತ ಅವನ ಊರಿಗೇ ಹೆಚ್ಚು ಹೊಂದುತ್ತದೆ, ಅವನಿಗದು ಹೊಳೆಯುವುದಿಲ್ಲ.

ಅವನೇನು ಕೆಟ್ಟವನಲ್ಲ. ಹಸುಗೂಸನ್ನು ಹಾಗೆ ಕೊಲ್ಲುವುದು ಅವಳಿಂದಾಗದು ಎಂದು ಒಂದೆಡೆ ಅವಳ ಪರವಾಗಿಯೇ ನಿಲ್ಲುತ್ತಾನೆ. ಆದರೆ ರಕ್ತದ ಸುದ್ದಿಯನ್ನು ಹೇಳಿ ಮುಗಿಸಿದ ಮೇಲೆ! ಗಾಳಿಮಾತು ಹಬ್ಬಿಸುವವರಲ್ಲಿ ನಂಬಿ ಹೇಳುವವರಿಗಿಂತ, ‘ನಾನಂತೂ ನಂಬುವುದಿಲ್ಲಪ್ಪ’ ಎಂದು ಹೇಳುವವರೇ ಜಾಸ್ತಿ ಅಲ್ಲವೇ?

ಮಾರ್ಥಾ ರೇ ಎಂಬ ಹೆಸರಿನ ತೊಡಕು ಬೇರೆಯೇ ಇದೆ. 1779ರ ಏಪ್ರಿಲ್ 7ರಂದು ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದ ಹೊರಗೆ ಜೇಮ್ಸ್ ಹ್ಯಾಕ್‌ಮನ್ ಎಂಬ ಪಾದ್ರಿಯ ಗುಂಡಿಗೆ ಬಲಿಯಾದವಳ ಹೆಸರೂ ಮಾರ್ಥಾ ರೇ. ಅರ್ಲ್ ಆಫ್ ಸ್ಯಾಂಡ್‌ವಿಚ್‌ನ ಸಂಗಾತಿ ಅವಳು. ದೇಶವೆಲ್ಲ ಬಾಯಿ ಚಪ್ಪರಿಸಿದ ಪ್ರಕರಣ ಅದು. ಅವಳ ಮಗ ಬೇಸಿಲ್ ಮಾಂಟಗು ವರ್ಡ್ಸ್‌ವರ್ತ್‌ನ ಗೆಳೆಯ. ಅವಳ ಪುಟ್ಟ ಮೊಮ್ಮಗ ಈ ಕವಿತೆ ಬರೆಯುವಾಗ ಅಣ್ಣತಂಗಿಯರ ಆರೈಕೆಯಲ್ಲಿ ಅದೇ ಆಲ್‌ಫಾಕ್ಸ್‌ಡನ್ ಮನೆಯಲ್ಲಿದ್ದ. ಅಂಥ ಹೆಸರನ್ನೇ ಏಕೆ ಇಟ್ಟನೋ, ಒಪ್ಪುವಂಥ ವಿವರಣೆಯನ್ನು ನಾನಂತೂ ಓದಿಲ್ಲ. ಸುದ್ದಿಗೆ ಬಲಿಯಾದ ಹೆಸರೊಂದು ಸುದ್ದಿಯ ಕವಿತೆಗೆ ಬಂತು ಎನ್ನಬಹುದು. ಗೆಳೆಯನ ಮನಸ್ಸಿನ ಬಗ್ಗೆ ಯೋಚಿಸಿದರೆ ಸ್ವಲ್ಪ ಕಸಿವಿಸಿಯಾಗುತ್ತದೆ. ಫ್ರಾನ್ಸಿನಲ್ಲಿ ಕವಿ ಬಿಟ್ಟುಬಂದ ಆನೆಟ್ ವಲೋನ್, 1792ರ ಡಿಸೆಂಬರಿನಲ್ಲಿ ಹುಟ್ಟಿದ ಮಗಳು ಕ್ಯಾರೊಲಿನ್ ಇವರನ್ನು ತಂದು ಕವಿತೆಯನ್ನು ತಪ್ಪೊಪ್ಪಿಗೆಯಾಗಿ ಓದುವ ಪರಿಪಾಠವೂ ಇದೆ. ನೆನಪಿನಲ್ಲಿಟ್ಟುಕೊಳ್ಳಬೇಕಾದ ಸಂಗತಿ ಹೌದು. ಅದನ್ನೇ ಕೀಲಿಕೈ ಮಾಡಿಕೊಂಡರೆ ನಾವೂ ಗುದ್ದಲಿ ಹಿಡಿದವರ ಸಾಲಿಗೆ ಸೇರುತ್ತೇವೆ.

ಕವಿತೆಯನ್ನು ಆ ಕಾಲದ ದೊಡ್ಡವರೇ ಮೆಚ್ಚಲಿಲ್ಲ. ಬೇಸರ ಹುಟ್ಟಿಸುವ ಬಾಯಿಬಡುಕನ ವೇಷ ಹಾಕಿದವನು ತಾನೇ ಬೇಸರ ಹುಟ್ಟಿಸುತ್ತಾನೆ ಎಂಬ ಅರ್ಥದಲ್ಲಿ ಕವಿ ರಾಬರ್ಟ್ ಸದಿ 1798ರಲ್ಲೇ ಬರೆದ. ಕೋಲರಿಜ್ 1817ರಲ್ಲಿ ಅದೇ ಆಕ್ಷೇಪವನ್ನು ಇನ್ನಷ್ಟು ಗಂಭೀರವಾಗಿ ಎತ್ತಿದ. ವರ್ಡ್ಸ್‌ವರ್ತ್‌ನ ಸಮರ್ಥನೆ 1800ರ ಟಿಪ್ಪಣಿಯಲ್ಲೇ ಇತ್ತು: ಭಾವ ಉಕ್ಕಿದಾಗ ಮಾತು ಸಾಲದು, ಸಾಲದೆಂದು ತಿಳಿದೇ ಮನುಷ್ಯ ಅದೇ ಮಾತಿಗೆ ಜೋತುಬೀಳುತ್ತಾನೆ, ಆದ್ದರಿಂದ ಪುನರುಕ್ತಿ ದೋಷವಲ್ಲ. ಬೈಬಲಿನ ದೆಬೋರಳ ಹಾಡನ್ನು ಉದಾಹರಣೆಗೆ ಕೊಟ್ಟ. ಮಾರ್ಥಾಳ ಮಟ್ಟಿಗೆ ಈ ಮಾತು ಪೂರ್ತಿ ಸರಿ. ಅವಳ ಬಾಯಲ್ಲಿರುವುದು ಆ ಒಂದೇ ಉದ್ಗಾರ, 22 ವರ್ಷಗಳಿಂದ. ಅದರಲ್ಲಿ ಸ್ಟೀಫನ್ ಇಲ್ಲ, ಮಗು ಇಲ್ಲ, ತಪ್ಪೊಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಅವಳು ಒಂದು ಮಾತು ಹೆಚ್ಚಿಗೆ ಆಡಿದ್ದರೆ ಊರಿನ ಹತ್ತು ಮಾತಿಗೆ ಜಾಗವಿರುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ನಗೆಪಾಟಲಾದದ್ದು ಹೊಂಡದ ಎರಡು ಸಾಲು. ಈ ಕಡೆಯಿಂದ ಆ ಕಡೆಗೆ ನಾನೇ ಅಳೆದಿದ್ದೇನೆ, ಮೂರು ಅಡಿ ಉದ್ದ, ಎರಡು ಅಡಿ ಅಗಲ ಎನ್ನುತ್ತಾನೆ ನಿರೂಪಕ. ಕವಿತೆಯಲ್ಲಿ ಇಂಥ ಸಾಲೇ ಎಂದು ಜನ ನಕ್ಕರು. ಈ ಸಾಲುಗಳನ್ನು ಗಟ್ಟಿಯಾಗಿ ಓದಲು ತನಗೆ ಧೈರ್ಯ ಬರುವುದಿಲ್ಲವೆಂದು ಕ್ರ್ಯಾಬ್ ರಾಬಿನ್ಸನ್ ಎಂಬ ಗೆಳೆಯ 1815ರಲ್ಲಿ ಹೇಳಿದಾಗ, ಅವನ್ನು ಮೆಚ್ಚಲೇಬೇಕು ಎಂದು ಕವಿ ಉತ್ತರಿಸಿದ. ಕವಿಯದೇ ಸರಿ. ತನಗೆ ತಿಳಿಯದ ದೊಡ್ಡ ಸಂಗತಿಯೊಂದರ ಎದುರು ಕೂತವನು ತಿಳಿಯಬಹುದಾದ ಚಿಕ್ಕದನ್ನು ಅಂಗುಲ ಬಿಡದೆ ಅಳೆಯುತ್ತಾನೆ. ಅಳತೆಪಟ್ಟಿ ಹಿಡಿದು ಅಲ್ಲಿಯವರೆಗೆ ಹೋದವನಿಗೆ ತೆರೆದ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಲಾಗಲಿಲ್ಲ. ನಿರೂಪಕನ ಸ್ವಭಾವ ಇಷ್ಟು ಚೊಕ್ಕವಾಗಿ ಮತ್ತೆಲ್ಲೂ ಬಂದಿಲ್ಲ. ದುರದೃಷ್ಟಕ್ಕೆ 1820ರ ಹೊತ್ತಿಗೆ ಕವಿಗೇ ಹಟ ಸಡಿಲವಾಗಿ ಆ ಎರಡು ಸಾಲು ತೆಗೆದು, ಹೊಂಡ ಚಿಕ್ಕದು, ಬಿಸಿಲಿಗೂ ಒಣಗಾಳಿಗೂ ಒಡ್ಡಿಕೊಂಡದ್ದು ಎಂಬ ಸಪ್ಪೆ ವರ್ಣನೆ ಹಾಕಿದ. ಈಗ ಸಿಗುವ ಎಷ್ಟೋ ಸಂಕಲನಗಳಲ್ಲಿ ಇರುವುದು ತಿದ್ದಿದ ಪಾಠ. ಓದುವುದಾದರೆ ಮೂರು ಅಡಿ, ಎರಡು ಅಡಿ ಇರುವ 1798ರ ಪಾಠವನ್ನೇ ಹುಡುಕಿಕೊಳ್ಳಿ.